ದೊಡ್ಡ ಮಿಸ್ಸಿನ ಗಾಜಿನ ಮನೆ

"ಮೂರು ಸಲ ಆಯ್ತು. ಒಳಗೆ ಬರ್ತೀರೋ, ಇಲ್ಲಾ ಹೊರಗಿಂದಾನೇ ಅಂಗಡಿ ಅಳತೆ ತಗೊಂಡು ಹೋಗ್ತೀರೋ?"

ಅವಳು ಪೆಟ್ ಶಾಪಿನ ಬಾಗಿಲಿಗೆ ಭುಜ ಒರಗಿಸಿ ನಿಂತಿದ್ದಳು. ಕೈಯಲ್ಲಿ ಮೀನಿನ ತೊಟ್ಟಿ ತಿಕ್ಕುವ ಸ್ಪಂಜು. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅವನು ಎದೆಗೆ ಅವಚಿಕೊಂಡಿದ್ದ ರಟ್ಟಿನ ಡಬ್ಬವನ್ನು ಇನ್ನಷ್ಟು ಅವಚಿಕೊಂಡ. ಎದುರಿನ ಫುಟ್‌ಪಾತಿನಲ್ಲಿ ಆ ತುದಿಯಿಂದ ಈ ತುದಿಗೆ ಮೂರು ಸಲ ನಡೆದದ್ದು ನಿಜ. ಇವಳು ಅದನ್ನು ಎಣಿಸಿದ್ದಳು ಅಂತ ಗೊತ್ತಾಗಿ ಕಿವಿ ಬಿಸಿಯಾಯಿತು.

"ಹೂಂ, ಅಳತೆಗೇ ಬಂದಿದ್ದು," ಅಂದುಬಿಟ್ಟ. "ನಿಮ್ಮ ಶೋಕೇಸ್ ಗಾಜು ಬಿರುಕು ಬಿಟ್ಟಿದೆ. ಹಾಗೇ ಬಿಟ್ರೆ ಯಾರ ತಲೆ ಮೇಲಾದ್ರೂ ಬೀಳುತ್ತೆ."

"ಅದು ಬಿರುಕಲ್ಲರೀ. ಬೆಕ್ಕಿನ ಮೀಸೆ. ಸ್ಟಿಕ್ಕರು."

ಅವನು ನೋಡಿದ. ಬೆಕ್ಕಿನ ಮೀಸೆಯೇ. ಹತ್ತು ವರ್ಷದಿಂದ ಗಾಜು ಕೊಯ್ಯುವ ಕೆಲಸದಲ್ಲಿರುವವನು ಸ್ಟಿಕ್ಕರಿಗೂ ಬಿರುಕಿಗೂ ವ್ಯತ್ಯಾಸ ತಿಳಿಯದೆ ನಡುರಸ್ತೆಯಲ್ಲಿ ನಿಂತಿದ್ದ. ಅಷ್ಟರಲ್ಲಿ ಡಬ್ಬದೊಳಗಿಂದ "ವೀಕ್! ವೀಕ್!" ಅಂತ ಸದ್ದು ಬಂತು.

ಅವಳು ಹುಬ್ಬು ಮೇಲೆತ್ತಿದಳು. "ನಿಮ್ಮ ಟೇಪು ಕೂಗ್ತಿದೆ."

ಬೇರೆ ದಿನವಾಗಿದ್ದರೆ ಆ ಹುಬ್ಬಿಗೋಸ್ಕರ ಅವನು ಇಡೀ ಬೀದಿ ಅಳೆಯುತ್ತಿದ್ದ. ಇವತ್ತು ತಲೆ ತಗ್ಗಿಸಿಕೊಂಡು ಒಳಗೆ ಹೋದ.

*

ಎರಡು ತಿಂಗಳ ಹಿಂದೆ ಇದೇ ಕೌಂಟರಿನ ಮುಂದೆ ಅವನು ಕೂಗಾಡಿದ್ದ.

ಮೂಗಿನ ತುದಿಯಲ್ಲೇ ಸಿಟ್ಟು ಅನ್ನುತ್ತಾರಲ್ಲ, ಅವನ ಸಿಟ್ಟಿಗೆ ಮೂಗಿನವರೆಗೆ ಹತ್ತುವ ತಾಳ್ಮೆಯೂ ಇರಲಿಲ್ಲ. ತುಟಿಯ ಮೇಲೇ ಕೂತಿರುತ್ತಿತ್ತು. ಎಂಟನೇ ಕ್ಲಾಸಿನಲ್ಲಿ ಮೇಷ್ಟರ ಜೊತೆ ಜಗಳವಾಡಿ ಸ್ಕೂಲಿಗೆ ಕೈ ಮುಗಿದವನು. ಅವತ್ತಿಂದ ಗಾಜಿನ ಅಂಗಡಿಯಲ್ಲಿ ಕೆಲಸ. ಕಿಟಕಿ, ಪಾರ್ಟಿಷನ್, ಬಾತ್‌ರೂಮಿನ ಬಾಗಿಲು, ಏನು ಕೊಟ್ಟರೂ ಕೂದಲೆಳೆಯಷ್ಟೂ ತಪ್ಪದೆ ಕೊಯ್ಯುತ್ತಿದ್ದ. ಎಲ್ಲರ ಬಾಯಲ್ಲೂ ಅವನ ಹೆಸರು ಗಾಜು ಅಂತಲೇ ಆಗಿತ್ತು. ಗಾಜು ಹಿಡಿದಾಗ ಕೈ ಎಷ್ಟು ಮೆತ್ತಗಾಗುತ್ತಿತ್ತೋ, ಮನುಷ್ಯರ ಜೊತೆ ಬಾಯಿ ಅಷ್ಟೇ ಒರಟಾಗುತ್ತಿತ್ತು.

ಮನೆಯಲ್ಲಿ ಅಕ್ಕ, ಅಕ್ಕನ ಮಗಳು, ಇವನು. ಮಗಳಿಗೆ ಏಳು ವರ್ಷ. ಕೂತಲ್ಲಿ ಕೂರದವಳು ಅಂತ ಬುಗುರಿ ಅಂದು, ಅದೇ ಹೆಸರು ನಿಂತಿತ್ತು. ಅವಳಪ್ಪ ಒಂದು ಬೆಳಿಗ್ಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋದವನು ಮತ್ತೆ ಫೋನು ಕೂಡ ಎತ್ತಲಿಲ್ಲ. "ಅಪ್ಪ ಕೆಲಸದ ಮೇಲೆ ಹೋಗಿದಾರೆ, ಬರ್ತಾರೆ" ಅಂತ ಮಗುವಿಗೆ ಹೇಳಿದ್ದು ಅಕ್ಕ ಅಲ್ಲ. ಇವನು. ಮೊದಮೊದಲು ಬುಗುರಿ ದಿನಾ ಕೇಳುತ್ತಿದ್ದಳು, "ಇವತ್ತಾ ಮಾಮ?" ಆಮೇಲೆ ವಾರಕ್ಕೊಮ್ಮೆ. ಆಮೇಲೆ ಕೇಳುವುದೂ ನಿಂತಿತು, ಓಡಾಟವೂ ನಿಂತಿತು. ಆ ಸದ್ದಿಲ್ಲದ ಮನೆ ಒಂದು ವಾರ ನೋಡಿದ್ದೇ, ಸಹಿಸಲಾರದೆ ಅವನು ಪೆಟ್ ಶಾಪಿಗೆ ನುಗ್ಗಿದ್ದ.

"ಎರಡು ಗಿನಿಪಿಗ್ ಕೊಡಿ."

"ಯಾರಿಗೆ?"

"ಮಗುಗೆ."

"ಎಷ್ಟು ವರ್ಷದ ಮಗು? ಮನೇಲಿ ಹಗಲು ಯಾರಿರ್ತಾರೆ? ಯಾರಿಗಾದ್ರೂ ಉಬ್ಬಸ ಇದೆಯಾ? ಇವು ಐದಾರು ವರ್ಷ ಬದುಕ್ತವೆ, ಗೊತ್ತಾ? ಮಗುಗೆ ಬೇಜಾರಾದ ಮೇಲೆ ಯಾರು ನೋಡ್ಕೋತಾರೆ?"

ತುಟಿಯ ಮೇಲೆ ಕೂತಿದ್ದದ್ದು ಹಾರಿತು. "ಏನ್ರೀ, ಗಿನಿಪಿಗ್ ಕೇಳಿದ್ನೋ ಹೆಣ್ಣು ಕೇಳಿದ್ನೋ? ನನ್ನ ನೋಡಿದ್ರೆ ಬಿಟ್ಟು ಓಡಿಹೋಗೋನ ಥರ ಕಾಣ್ತೀನಾ? ಕೈಗೆ ತಗೊಂಡಿದ್ದನ್ನ ನಾನು ಬಿಡೋನಲ್ಲ! ಆ ತಂತಿ ಗೂಡೂ ಬೇಡ, ಮನೆ ನಾನೇ ಕಟ್ತೀನಿ."

ಅವಳು ರೆಪ್ಪೆ ಕೂಡ ಮಿಟುಕಿಸಲಿಲ್ಲ. "ಹೆಣ್ಣು ಕೇಳಿದ್ರೆ ಇನ್ನೂ ಹತ್ತು ಪ್ರಶ್ನೆ ಇರ್ತಿತ್ತು," ಅಂದಳು. ತುಟಿಯ ಎಡಗಡೆ ತುದಿ ಮಾತ್ರ ಒಂಚೂರು ಮೇಲೆ ಹೋಗಿ ಕೆಳಗಿಳಿಯಿತು.

ಮುಗಿಯಿತು ಅವನ ಕಥೆ. ಮೇಷ್ಟರ ಜೊತೆ ಜಗಳವಾಡಿ ಸ್ಕೂಲು ಬಿಟ್ಟವನು ಅವಳಿಗೆ ಮನಸ್ಸಿನಲ್ಲೇ ಪ್ರಶ್ನೆಪತ್ರಿಕೆ ಅಂತ ಹೆಸರಿಟ್ಟ. ಅಂದಿನಿಂದ ವಾರಕ್ಕೊಮ್ಮೆ ಒಣಹುಲ್ಲು ತರುವ ನೆಪದಲ್ಲಿ ಹೋಗಿ ಪ್ರಶ್ನೆಪತ್ರಿಕೆಯ ಮುಂದೆ ನಿಲ್ಲುತ್ತಿದ್ದ.

"ಮೊನ್ನೆ ತಾನೇ ತಗೊಂಡು ಹೋದ್ರಲ್ಲ?"

"ಖಾಲಿ."

"ಮನೇಲಿ ಗಿನಿಪಿಗ್ ಇದೆಯೋ ಕುದುರೆ ಇದೆಯೋ?"

ಮಂಚದ ಕೆಳಗೆ ಬಿಚ್ಚದ ಹುಲ್ಲಿನ ಪೊಟ್ಟಣಗಳು ಸಾಲು ನಿಂತಿದ್ದವು. ಅಕ್ಕ ಒಂದು ದಿನ ಗುಡಿಸುವಾಗ ಕಂಡು, "ಇದೆಲ್ಲ ಗಿನಿಪಿಗ್‌ಗೆ ತಂದಿದ್ದೋ, ನೀನು ಮೇಯೋಕೆ ತಂದಿದ್ದೋ?" ಅಂತ ಕೇಳಿದ್ದಳು. ಅವನು ಆ ದಿನ ಕೂಡ ಸಿಟ್ಟು ಮಾಡಿಕೊಂಡ.

ಬುಗುರಿ ಅವಕ್ಕೆ ಹೆಸರಿಟ್ಟಳು. ಕಂದು ಬಣ್ಣದ ಚೂಟಿಯಾದದ್ದು ಮಿಸ್ಸು. ಬಿಳಿಯ, ದಪ್ಪಗೆ ಗಂಭೀರವಾಗಿ ಕೂರುವಂಥದ್ದು ದೊಡ್ಡ ಮಿಸ್ಸು. ಹೆಸರಿಗೆ ತಕ್ಕ ಮರ್ಯಾದೆಯೂ ಇತ್ತು. "ಮಾಮ, ಮೆಲ್ಲಗೆ ಮಾತಾಡು. ದೊಡ್ಡ ಮಿಸ್ಸು ಮಲಗಿದಾರೆ." "ಮಾಮ, ಮಿಸ್ಸು ನನ್ನ ತೊಡೆ ಮೇಲೆ ಉಚ್ಚೆ ಮಾಡಿದ್ರು!" ಮನೆಯಲ್ಲಿ ಮತ್ತೆ ಬುಗುರಿ ತಿರುಗತೊಡಗಿತ್ತು.

ಮಿಸ್ಸುಗಳ ಮನೆಯನ್ನು ಇವನು ಕಟ್ಟಿದ. ಗಾಜಿನಲ್ಲಿ. ಅಂಗಡಿಯಲ್ಲಿ ಉಳಿದ ಒಳ್ಳೆಯ ತುಂಡುಗಳನ್ನು ಆರಿಸಿ, ಮಗುವಿನ ಕೈ ಕೊಯ್ಯಬಾರದು ಅಂತ ಅಂಚುಗಳನ್ನೆಲ್ಲ ಉಜ್ಜಿ ನುಣುಪು ಮಾಡಿ, ಮೂಲೆಗಳಿಗೆ ಹಾಲಿನ ಗೆರೆಯಂಥ ಸಿಲಿಕಾನ್ ಅಂಟು ಎಳೆದ. ಪಕ್ಕದ ಮನೆಯ ಬೆಕ್ಕು ಬರಬಾರದು ಅಂತ ಮೇಲೆ ಗಾಜಿನದೇ ಮುಚ್ಚಳ, ಅದರಲ್ಲಿ ಆರು ತೂತು. ಬಿಸಿಲು ಬಿದ್ದರೆ ಅರಮನೆ. ಫೋಟೋ ತೆಗೆದು ಗೊತ್ತಿದ್ದವರಿಗೆಲ್ಲ ಕಳಿಸಿದ. ಓದಲಿಲ್ಲ ಬರೆಯಲಿಲ್ಲ ಅಂತ ಆಡಿಕೊಂಡವರೆಲ್ಲ ನೋಡಲಿ ಅಂತಲೂ ಇತ್ತು.

ಮೂರನೇ ವಾರಕ್ಕೆ ವಾಸನೆ ಶುರುವಾಯಿತು.

ಐದನೇ ವಾರಕ್ಕೆ ಅಕ್ಕ ಮೂಗಿಗೆ ಸೆರಗು ಹಿಡಿದು ಅಡುಗೆ ಮಾಡುತ್ತಿದ್ದಳು. ಕ್ಲೀನು ಮಾಡುತ್ತೇನೆಂದು ಮಾತು ಕೊಟ್ಟಿದ್ದ ಬುಗುರಿ ಮುಚ್ಚಳ ತೆಗೆಯುವುದು, ಕಣ್ಣಲ್ಲಿ ನೀರು ತಂದುಕೊಳ್ಳುವುದು, ಮುಚ್ಚಳ ಹಾಕಿ ಓಡುವುದು. ನಾಟಕ ಅಂದುಕೊಂಡ ಅವನು. ಕೆಲಸ ಮುಗಿಸಿ ಬಂದು ತಾನೇ ತಳಕ್ಕೆ ಹಾಸಿದ ಹೊಟ್ಟು ತೆಗೆದು, ಒರೆಸಿ, ಹೊಸ ಹೊಟ್ಟು ಹಾಕುವನು. ಮಾರನೇ ದಿನ ಮತ್ತೆ ಅದೇ. ಆ ಪ್ರಾಣಿಗಳನ್ನು ಯಾಕಾದರೂ ತಂದೆನೋ ಅಂತ ಹಲ್ಲು ಕಡಿಯುವನು.

ಇವತ್ತು ಬೆಳಿಗ್ಗೆ ಬುಗುರಿ ಯೂನಿಫಾರ್ಮ್ ಹಾಕಿಕೊಂಡು ಗಾಜಿನ ಮುಂದೆ ನಿಂತಿದ್ದಳು, ಕೈಯಲ್ಲಿ ಸೌತೆಕಾಯಿ ಹೋಳು, ಆದರೆ ಮುಚ್ಚಳ ತೆಗೆಯುತ್ತಿಲ್ಲ.

"ಒಂದು ಜೀವ ನೋಡ್ಕೊಳ್ಳೋಕೆ ಬರಲ್ಲ ಅಂದ್ಮೇಲೆ ಯಾಕೆ ಬೇಕಿತ್ತೇ ನಿಂಗೆ? ಸೋಮಾರಿ! ಗಲೀಜು!"

ಅವಳು ಹೋಳನ್ನು ಗಾಜಿನ ಪಕ್ಕದಲ್ಲಿಟ್ಟು, ಬ್ಯಾಗು ಹಾಕಿಕೊಂಡು ಹೋದಳು.

ಅವಳು ಹೋದ ಮೇಲೆ ಅವನು ಎರಡನ್ನೂ ರಟ್ಟಿನ ಡಬ್ಬಕ್ಕೆ ಹಾಕಿಕೊಂಡು ಹೊರಟ. ನೇರ ಇಲ್ಲಿಗೇ ಬಂದನೇ? ಇಲ್ಲ. ಆದರೆ ಮೊದಲು ಎಲ್ಲಿಗೆ ಹೋಗಿದ್ದ ಅನ್ನುವುದನ್ನು ಯಾರಿಗೂ ಹೇಳಬಾರದು ಅಂತ ತೀರ್ಮಾನ ಮಾಡಿಕೊಂಡಿದ್ದ.

*

"ವಾಪಸ್ ಕೊಡೋಕೆ ಬಂದೆ," ಅಂದ, ಕೌಂಟರಿನ ಮರದ ಗಂಟನ್ನು ನೋಡುತ್ತ.

"ಅದು ನೀವು ಎರಡನೇ ಸಲ ನಡೆದಾಗಲೇ ಗೊತ್ತಾಯ್ತು."

'ಬಿಡೋನಲ್ಲ ಅಂದ್ರಲ್ಲ?' ಅನ್ನುತ್ತಾಳೆ ಈಗ, ಅಂದುಕೊಂಡ. ಅದಕ್ಕೊಂದು ಬಿಸಿ ಉತ್ತರವನ್ನೂ ದಾರಿಯಲ್ಲೇ ಮಸೆದುಕೊಂಡು ಬಂದಿದ್ದ. ಅವಳು ಅನ್ನಲಿಲ್ಲ. ಉತ್ತರ ಅವನ ಬಾಯಲ್ಲೇ ಉಳಿದು ಕಹಿಯಾಯಿತು.

"ಮಗುಗೆ ಗೊತ್ತಾ?"

"ಸ್ಕೂಲಲ್ಲಿದಾಳೆ."

"ಸಂಜೆ ಬಂದು ಕೇಳಿದ್ರೆ?"

"ಏನೋ ಒಂದು ಹೇಳ್ತೀನಿ. ಅವುಗಳ ಅಮ್ಮ ಬಂದು ಕರಕೊಂಡು ಹೋದ್ಲು ಅಂತ."

ಅವಳು ಡಬ್ಬ ತೆರೆದಳು. ಮಿಸ್ಸು ಹಿಂಗಾಲ ಮೇಲೆ ನಿಂತು ಮೂಗು ಆಡಿಸಿತು. ದೊಡ್ಡ ಮಿಸ್ಸು ಮೂಲೆಯಲ್ಲಿ ಮೈ ಉಬ್ಬಿಸಿಕೊಂಡು ಕೂತಿತ್ತು, ಕಣ್ಣು ಅರ್ಧ ಮುಚ್ಚಿ. ಅವಳು ಅದನ್ನು ಎರಡು ಕೈಯಲ್ಲಿ ಎತ್ತಿ ಕಿವಿಗೆ ಹಿಡಿದಳು, ಫೋನು ಹಿಡಿದ ಹಾಗೆ. ಅವಳ ಮುಖದಲ್ಲಿ ಯಾವಾಗಲೂ ಇರುತ್ತಿದ್ದ ಆ ತುಂಟತನ ದೀಪ ಆರಿಸಿದ ಹಾಗೆ ಹೋಯಿತು.

"ಎಷ್ಟು ದಿನದಿಂದ ಹೀಗೆ?"

"ಹೇಗೆ?"

"ಉಸಿರಾಡೋಕೆ ಒದ್ದಾಡ್ತಿದೆ. ಸೀನ್ತಿತ್ತಾ?"

"ಹತ್ತು ದಿನ... ನೆಗಡಿ ಅಂದ್ಕೊಂಡೆ."

ಅವಳು ಅರ್ಧ ಶಟರ್ ಎಳೆದು, ದೊಡ್ಡ ಮಿಸ್ಸನ್ನು ದುಪಟ್ಟಾದಲ್ಲಿ ಸುತ್ತಿ ಎದೆಗಿಟ್ಟುಕೊಂಡು ಬೀದಿಗಿಳಿದಳು. ಚಪ್ಪಲಿ ಕೂಡ ಸರಿಯಾಗಿ ಹಾಕಿಕೊಂಡಿರಲಿಲ್ಲ. ಇವನು ಡಬ್ಬದೊಳಗೆ ಮಿಸ್ಸನ್ನು ಹೊತ್ತು ಹಿಂದೆ ಹಿಂದೆ.

*

ಬೀದಿಯ ಕೊನೆಯಲ್ಲಿ ಪ್ರಾಣಿಗಳ ಡಾಕ್ಟರಮ್ಮನ ಕ್ಲಿನಿಕ್. ಡಾಕ್ಟರಮ್ಮ ಸ್ಟೆತಾಸ್ಕೋಪಿಟ್ಟು ಆಲಿಸಿದರು, ಮೂಗು ನೋಡಿದರು, ಕಣ್ಣು ನೋಡಿದರು.

"ಎಲ್ಲಿ ಇಟ್ಟಿದೀರಪ್ಪ ಇವನ್ನ?"

ಅವನು ಜೇಬಿನಿಂದ ಫೋನು ತೆಗೆದ. ಅಂಥ ಹೊತ್ತಲ್ಲೂ ಆ ಫೋಟೋ ತೋರಿಸುವಾಗ ಅವನ ಎದೆ ಒಂದಂಗುಲ ಉಬ್ಬಿತು. "ನಾನೇ ಮಾಡಿದ್ದು."

ಡಾಕ್ಟರಮ್ಮ ಕನ್ನಡಕ ಏರಿಸಿ ನೋಡಿದರು. "ಅಕ್ವೇರಿಯಂ ಚೆನ್ನಾಗಿದೆ. ಮೀನು ಎಲ್ಲಿ?"

ಅವನಿಗೆ ಅರ್ಥವಾಗಲಿಲ್ಲ. ಪ್ರಶ್ನೆಪತ್ರಿಕೆಗೆ ಅರ್ಥವಾಗಿತ್ತು. ಅವಳು ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು.

"ಇವು ಉಚ್ಚೆ ಹೊಯ್ತಾನೇ ಇರ್ತವೆ. ಅದರ ಘಾಟು ಹೊರಗೆ ಹೋಗೋಕೆ ನಾಲ್ಕು ಕಡೆಯಿಂದಾನೂ ಗಾಳಿ ಬೇಕು. ನೀವು ನಾಲ್ಕೂ ಕಡೆ ಗಾಜು ಹಾಕಿ, ಮೂಲೆಗೆ ಅಂಟು ಹಾಕಿ, ಮೇಲೆ ಮುಚ್ಚಳ ಹಾಕಿದೀರಿ. ನಿಮ್ಮನ್ನ ಒಂದು ಟಾಯ್ಲೆಟ್ಟಿಗೆ ಹಾಕಿ ಎರಡು ತಿಂಗಳು ಬಾಗಿಲು ಹಾಕಿದ್ರೆ ಹೆಂಗಿರುತ್ತೆ?" ಡಾಕ್ಟರಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಔಷಧದ ಚೀಟಿ ಬರೆಯುತ್ತಲೇ ಹೇಳಿದರು. "ಶ್ವಾಸಕೋಶಕ್ಕೆ ಹತ್ತಿದೆ. ಉಳಿಯುತ್ತೋ ಇಲ್ವೋ ಈಗಲೇ ಹೇಳೋಕಾಗಲ್ಲ. ಆ ಗಾಜಿನ ಡಬ್ಬಕ್ಕೆ ಮಾತ್ರ ಮತ್ತೆ ಹಾಕಬೇಡಿ. ಕ್ಲೀನು ಮಾಡೋರು ಯಾರು? ಅವರ ಕಣ್ಣೂ ಉರಿಯುತ್ತೆ."

ಕಣ್ಣು ಉರಿಯುತ್ತೆ.

ಮುಚ್ಚಳ ತೆಗೆದ ಕೂಡಲೇ ನೀರು ತುಂಬಿಕೊಳ್ಳುತ್ತಿದ್ದ ಆ ಎರಡು ಕಣ್ಣು. ಉಸಿರು ಬಿಗಿಹಿಡಿದು, ಕೆನ್ನೆ ಉಬ್ಬಿಸಿ, ಪುಟ್ಟ ಕೈಯಿಂದ ಹೊಟ್ಟು ಬಾಚುತ್ತಿದ್ದ ಮಗು. ನಾಟಕ ಅಂದುಕೊಂಡಿದ್ದ. ಸೋಮಾರಿ ಅಂದಿದ್ದ. ಇವತ್ತು ಬೆಳಿಗ್ಗೆ ಗಲೀಜು ಅಂದಿದ್ದ.

ಸಿಟ್ಟು ಮಾಡಿಕೊಳ್ಳಲು ಸುತ್ತ ಹುಡುಕಿದ. ಡಾಕ್ಟರಮ್ಮ ಸಿಗಲಿಲ್ಲ, ಅಕ್ಕ ಸಿಗಲಿಲ್ಲ, ಓಡಿಹೋದ ಭಾವ ಕೂಡ ಸಿಗಲಿಲ್ಲ. ಯಾವ ಕಡೆ ತಿರುಗಿದರೂ ಅವನೇ ಸಿಕ್ಕ.

*

ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ನಡುವೆ ಡಬ್ಬ. ಒಳಗಡೆ ದೊಡ್ಡ ಮಿಸ್ಸಿನ ಮೂಗಿಗೆ ಹಬೆ ಹಿಡಿದಿದ್ದರು.

"ಬೈದುಬಿಡಿ," ಅಂದ ಅವನು. "ಸುಮ್ನೆ ಕೂರಬೇಡಿ. ಅದು ಇನ್ನೂ ಕಷ್ಟ."

"ಬೈಯೋಕೆ ನನಗೆ ಬಾಯಿಲ್ಲ."

"ಯಾಕೆ?"

ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. "ಎರಡು ಗಿನಿಪಿಗ್‌ಗೆ ಒಂದು ಪೊಟ್ಟಣ ಹುಲ್ಲು ಮೂರು ವಾರ ಬರುತ್ತೆ. ನೀವು ವಾರ ವಾರ ಬರ್ತಿದ್ರಿ. ನನಗೇನು ಲೆಕ್ಕ ಬರಲ್ವಾ?"

ಅವನ ಕಿವಿ ಮತ್ತೆ ಬಿಸಿಯಾಯಿತು.

"ಬಂದೋರಿಗೆಲ್ಲ ಕೇಳ್ತೀನಿ ನಾನು. ಗೂಡು ಎಂಥದ್ದು, ಗಾಳಿ ಆಡುತ್ತಾ, ಅಂತ. ಅದು ನನ್ನ ಕೆಲಸ. ನಿಮ್ಮನ್ನ ಅವತ್ತೇ ಕೇಳಬೇಕಿತ್ತು, ನೀವು ಕೂಗಾಡಿ ಹೋದ್ರಿ. ಆಮೇಲೆ ಎಂಟು ಸಲ ಬಂದ್ರಿ. ಎಂಟು ಸಲಾನೂ ಕೇಳಬೇಕು ಅಂದ್ಕೊಂಡೆ." ಅವಳ ದನಿ ಸಣ್ಣದಾಯಿತು. "ಕೇಳಿದ್ರೆ ಮತ್ತೆ ಮೂಗು ಕೆಂಪಗೆ ಮಾಡ್ಕೊಂಡು ಹೋಗ್ತೀರಿ, ಇನ್ನು ಬರಲ್ಲ ಅನ್ನಿಸ್ತು. ಅದಕ್ಕೇ ಕುದುರೆ ಜೋಕು ಮಾಡ್ಕೊಂಡು, ಹುಲ್ಲು ಮಾರ್ಕೊಂಡು ಕೂತೆ. ನಾಚಿಕೆಗೇಡಿ ನಾನು."

ಎರಡು ತಿಂಗಳು ಅವನು ಕೇಳಬೇಕೆಂದು ಹಂಬಲಿಸಿದ್ದ ಮಾತು ಅದು. ಎಂಥ ಹೊತ್ತಿನಲ್ಲಿ ಬಂತು! ಖುಷಿಪಡಲು ಮುಖವಿಲ್ಲ. ಒಬ್ಬ ಹುಡುಗ, ಒಬ್ಬಳು ಹುಡುಗಿ ಒಬ್ಬರನ್ನೊಬ್ಬರು ನೋಡಬೇಕು ಅನ್ನುವ ಆಸೆಗೆ, ಮಾತೇ ಬಾರದ ಒಂದು ಪ್ರಾಣಿ ಒಳಗೆ ಉಸಿರಿಗೆ ಒದ್ದಾಡುತ್ತಿತ್ತು.

ಅವಳು ಇಷ್ಟು ಹೇಳಿದ ಮೇಲೆ ತಾನು ಬಚ್ಚಿಟ್ಟಿದ್ದು ಗಂಟಲಲ್ಲಿ ನಿಲ್ಲಲಿಲ್ಲ.

"ನಾನು ಬೆಳಿಗ್ಗೆ ಮೊದಲು ಪಾರ್ಕಿಗೆ ಹೋದೆ," ಅಂದ. "ನಿಮಗೆ ಮುಖ ತೋರಿಸೋಕೆ ಆಗಲ್ಲ ಅಂತ. ಪೊದೆ ಹತ್ರ ಡಬ್ಬ ಇಟ್ಟೆ. ಇಟ್ಟು ನಡೆದೆ."

ಅವಳು ಬೆರಳಿಗೆ ಸುತ್ತುವುದನ್ನು ನಿಲ್ಲಿಸಿದಳು.

"ನಾಲ್ಕು ಹೆಜ್ಜೆ. ಹಿಂದಿಂದ ಇದು ಕೂಗ್ತು. ಊಟ ತರೋಕೆ ಹೋಗ್ತಿದೀನಿ ಅಂದ್ಕೊಂಡಿತ್ತೇನೋ."

ಇವಳು ಈಗ ಎದ್ದು ಹೋಗುತ್ತಾಳೆ, ಹೋಗಬೇಕಾದದ್ದೇ, ಅಂದುಕೊಂಡು ಅವನು ತನ್ನ ಪಾದ ನೋಡುತ್ತ ಕೂತ.

"ಐದನೇದು ಇಡಲಿಲ್ಲ ಅಲ್ವಾ," ಅಂದಳು ಅವಳು.

ಅವನಿಗೆ ಅಳು ಬಂತು. ಬಂದದ್ದು ಕಾಣದಿರಲಿ ಅಂತ ಡಬ್ಬದೊಳಗೆ ತಲೆ ಹಾಕಿ ಮಿಸ್ಸನ್ನು ಬಹಳ ಹೊತ್ತು ಪರೀಕ್ಷೆ ಮಾಡಿದ.

*

ನಾಲ್ಕು ಗಂಟೆಗೆ ಬುಗುರಿ ಮನೆಗೆ ಬರುವಾಗ ಇಬ್ಬರೂ ಅಲ್ಲಿದ್ದರು. "ಅರ್ಧ ತಪ್ಪು ನನ್ನದು, ಅರ್ಧ ಬೈಗುಳ ನಾನೂ ತಿನ್ನಬೇಕು" ಅಂತ ಪ್ರಶ್ನೆಪತ್ರಿಕೆ ತಾನಾಗಿಯೇ ಹೊರಟು ಬಂದಿದ್ದಳು.

ಮೂಲೆಯಲ್ಲಿ ಗಾಜಿನ ಮನೆ ಖಾಲಿಯಾಗಿ ಹೊಳೆಯುತ್ತಿತ್ತು.

ಬುಗುರಿ ಅದನ್ನು ನೋಡಿದಳು. ಬಾಗಿಲಲ್ಲಿ ನಿಂತ ಹೊಸಬಳನ್ನು ನೋಡಿದಳು. ಶೂ ಬಿಚ್ಚಿದಳು. ಎಂದೂ ಇಲ್ಲದ್ದು, ಎರಡನ್ನೂ ಜೋಡಿಸಿ ಗೋಡೆಗೆ ಒತ್ತಿ ಇಟ್ಟಳು. ಯಾರೂ ಹೇಳದೆ ಕೈಕಾಲು ತೊಳೆದು ಬಂದಳು. ಹೋಮ್‌ವರ್ಕ್ ಪುಸ್ತಕ ತೆಗೆದು, ಪೆನ್ಸಿಲು ಹಿಡಿದು, ಗೋಡೆಗೆ ಬೆನ್ನು ಕೊಟ್ಟು ಕೂತಳು. ಕೇಳಲಿಲ್ಲ.

ಅವಳು ಕೇಳುತ್ತಾಳೆ, ಅಳುತ್ತಾಳೆ ಅಂತ ಅವನು ಸಿದ್ಧನಾಗಿದ್ದ. ಕೇಳದಿರುವುದಕ್ಕೆ ಸಿದ್ಧನಾಗಿರಲಿಲ್ಲ.

"ಕೇಳು ಪುಟ್ಟಾ," ಅಂದ, ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು.

"ಏನು ಮಾಮ?"

"ಅವರೆಲ್ಲಿ ಅಂತ ಕೇಳು."

ಬುಗುರಿ ಪೆನ್ಸಿಲಿನ ತುದಿ ನೋಡಿದಳು. "ಕೆಲಸದ ಮೇಲೆ ಹೋಗಿದಾರಾ?"

ಬಾಗಿಲಲ್ಲಿ ನಿಂತವಳು ಬಾಯಿಗೆ ಕೈ ಇಟ್ಟುಕೊಂಡಳು.

ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದು ಬಿಡಲಿಲ್ಲ, ಮಾತು ಅವನೇ ಆಡಬೇಕಾಯಿತು. "ಇಲ್ಲ. ನಾನು ತಗೊಂಡು ಹೋದೆ. ನಿಂಗೆ ಹೇಳದೆ. ಯಾರಿಗಾದ್ರೂ ಕೊಟ್ಟುಬಿಡೋಣ ಅಂತ. ವಾಸನೆ ಬಂದಿದ್ದು ನಿನ್ನಿಂದ ಅಲ್ಲ, ಅವರಿಂದಾನೂ ಅಲ್ಲ. ನಾನು ಕಟ್ಟಿದ ಮನೆ ತಪ್ಪು. ಅದರೊಳಗೆ ಗಾಳಿ ಇಲ್ಲ. ಮಿಸ್ಸು ಅಂಗಡೀಲಿದಾರೆ, ಚೆನ್ನಾಗಿದಾರೆ. ದೊಡ್ಡ ಮಿಸ್ಸಿಗೆ ಹುಷಾರಿಲ್ಲ. ಆಸ್ಪತ್ರೇಲಿದಾರೆ. ನನ್ನಿಂದ." ಉಸಿರು ತೆಗೆದುಕೊಂಡ. "ಅಪ್ಪ ಕೆಲಸದ ಮೇಲೆ ಹೋಗಿದಾರೆ ಅಂದಿದ್ನಲ್ಲ, ಅದೂ ಸುಳ್ಳು. ಎಲ್ಲಿಗೆ ಹೋದ್ರು ಅಂತ ನಂಗೂ ಗೊತ್ತಿಲ್ಲ. ನಿನ್ನಿಂದ ಅಂತೂ ಹೋಗಲಿಲ್ಲ."

"ಅದು ಗೊತ್ತು," ಅಂದಳು ಬುಗುರಿ, ಹಳೆಯ ವಿಷಯದ ಹಾಗೆ. "ದೊಡ್ಡ ಮಿಸ್ಸು ಸಾಯ್ತಾರಾ?"

ಇಲ್ಲ ಅನ್ನಲು ಬಾಯಿ ತೆರೆದ. ಮುಚ್ಚಿದ. "ಗೊತ್ತಿಲ್ಲ."

ಆಗ ಪೆನ್ಸಿಲು ಹಾರಿತು. ಪುಸ್ತಕ ಹಾರಿತು. ಬುಗುರಿ ಎದ್ದು ಎರಡೂ ಕೈಯಿಂದ ಅವನ ಎದೆಗೆ, ಭುಜಕ್ಕೆ, ಸಿಕ್ಕಲ್ಲಿ ಗುದ್ದಿದಳು. "ನನ್ನ ಸೋಮಾರಿ ಅಂದೆ! ಗಲೀಜು ಅಂದೆ! ನಂಗೆ ಕಣ್ಣು ಉರೀತಿತ್ತು!"

"ಹೇಳಬೇಕಿತ್ತು ಪುಟ್ಟಾ..."

"ಹೇಳಿದ್ರೆ ಬೈತಿದ್ದೆ!"

ಗುದ್ದಿಸಿಕೊಂಡ. ಎಷ್ಟು ತಿಂಗಳ ಮೇಲೆ ಈ ಮನೆಯಲ್ಲಿ ಇಷ್ಟು ಸದ್ದು! ಕೈ ಸೋತ ಮೇಲೆ ಬುಗುರಿ ಮೂಗು ಒರೆಸಿಕೊಂಡು, ಬಾಗಿಲ ಕಡೆ ತಿರುಗಿ ವಿಚಾರಣೆ ಶುರು ಮಾಡಿದಳು.

"ನೀವು ಯಾರು?"

"ಮಿಸ್ಸುಗಳನ್ನ ಮೊದಲು ಸಾಕಿದ್ದವಳು. ಅಂಗಡೀಲಿ."

"ನಿಮ್ಮ ಮನೇಲಿ ಹಗಲು ಯಾರಿರ್ತಾರೆ?"

"ನಮ್ಮಮ್ಮ."

"ಅವರು ಬೈತಾರಾ?"

"ನನಗೆ ಬೈತಾರೆ. ಪ್ರಾಣಿಗಳಿಗೆ ಬೈಯಲ್ಲ."

"ನೀವು ಅವರನ್ನ ಯಾರಿಗಾದ್ರೂ ಕೊಟ್ಟುಬಿಡ್ತೀರಾ?"

"ನಿನ್ನ ಕೇಳದೆ ಯಾರಿಗೂ ಕೊಡಲ್ಲ."

ಬುಗುರಿ ಯೋಚಿಸಿದಳು. ಆಮೇಲೆ ಮಾಮನ ಕಡೆ ನೋಡದೆ ತೀರ್ಪು ಕೊಟ್ಟಳು. "ಹಂಗಾದ್ರೆ ನಿಮ್ಮ ಹತ್ರಾನೇ ಇರ್ಲಿ. ಇಲ್ಲಿ ಬೇಡ. ಮಾಮ ಕೊಟ್ಟುಬಿಡ್ತಾನೆ."

ಅವನು ಮನಸ್ಸಿನಲ್ಲಿ ಬಯಸಿದ್ದು ಅದೇ ತಾನೇ, ಪ್ರಾಣಿಗಳು ಮನೆಯಿಂದ ಹೋಗಬೇಕು ಅಂತ. ಹೋದವು. ಬಯಸಿದ್ದು ಇಷ್ಟು ಸಲೀಸಾಗಿ ಸಿಕ್ಕ ದಿನ ಅವನಷ್ಟು ಸ್ವಂತ ಮನೆಯಲ್ಲಿ ತಲೆ ತಗ್ಗಿಸಿ ಕೂತವನು ಇನ್ನೊಬ್ಬನಿರಲಿಕ್ಕಿಲ್ಲ.

ಸಂಜೆ ಕೆಲಸ ಮುಗಿಸಿ ಬಂದ ಅಕ್ಕನಿಗೆ ಎಲ್ಲ ಹೇಳಿದ. ಅಕ್ಕ ನೀರಿನ ಲೋಟ ಹಿಡಿದುಕೊಂಡು ಕುಡಿಯದೆ ಕೇಳಿದಳು. "ಅವಳಪ್ಪನ ವಿಷಯ ನಾನು ಹೇಳಬೇಕಿತ್ತು ಕಣೋ," ಅಂದಳಷ್ಟೆ. "ನನಗೆ ಧೈರ್ಯ ಬಂದಿರಲಿಲ್ಲ."

*

ದೊಡ್ಡ ಮಿಸ್ಸು ಸಾಯಲಿಲ್ಲ. ಎರಡು ವಾರ ಔಷಧ ಕುಡಿದು, ಪ್ರಶ್ನೆಪತ್ರಿಕೆಯ ಅಮ್ಮನ ಮಡಿಲಲ್ಲಿ ಕೂತು ಮಗಳಿಗೆ ಬೀಳುವ ಬೈಗುಳ ಕೇಳಿಸಿಕೊಂಡು, ಮೆಲ್ಲಗೆ ತಿನ್ನತೊಡಗಿತು. ಉಸಿರಿನಲ್ಲಿ ಮಾತ್ರ ಒಂದು ಸಣ್ಣ ಸಿಳ್ಳೆ ಉಳಿದೇ ಹೋಯಿತು. ಅದು ಉಸಿರಾಡಿದಾಗಲೆಲ್ಲ ಅವನಿಗೆ ಕೇಳಿಸುತ್ತಿತ್ತು.

ಶನಿವಾರ ಮಧ್ಯಾಹ್ನ ಅವನು ಬುಗುರಿಯನ್ನು ಬೈಕಿನಲ್ಲಿ ಪ್ರಶ್ನೆಪತ್ರಿಕೆಯ ಮನೆಗೆ ಕರಕೊಂಡು ಹೋಗುತ್ತಿದ್ದ. ಬುಗುರಿ ಅವನ ಹಿಂದೆ ಕೂರುವಳು, ಸೊಂಟ ಹಿಡಿದುಕೊಳ್ಳುವಳು, ಆದರೆ ಮಾತಿಲ್ಲ. ಹೇಳುವುದಿದ್ದರೆ ಪ್ರಶ್ನೆಪತ್ರಿಕೆ ಎಂಬ ಮಧ್ಯಸ್ಥರ ಮೂಲಕ. "ಅಕ್ಕಾ, ಮಾಮಂಗೆ ಹೇಳಿ, ನೀರು ತರೋಕೆ." ಅವನು ಎರಡಡಿ ದೂರದಲ್ಲಿ ಕೂತು, ಮಧ್ಯಸ್ಥರು ಹೇಳಿದ ಮೇಲೆಯೇ ಏಳುವನು.

ಮೂರನೇ ಶನಿವಾರ ಅವಳ ಮನೆಯ ಹಿಂದಿನ ವರಾಂಡದಲ್ಲಿ ಹೊಸ ಗೂಡು ಕಟ್ಟಲು ಕೂತ. ಮರದ ಚೌಕಟ್ಟು, ನಾಲ್ಕೂ ಕಡೆ ತಂತಿ ಜಾಲರಿ. ಜಾಲರಿ ಅವನ ಕೆಲಸವಲ್ಲ. ಕತ್ತರಿಸಿದರೆ ಸೊಟ್ಟ, ಬಗ್ಗಿಸಿದರೆ ಹಾರಿ ಬಂದು ಚುಚ್ಚುವುದು. ಮೊದಲ ಅರ್ಧ ಗಂಟೆಯಲ್ಲೇ ಮೂರು ಬೆರಳಿಗೆ ರಕ್ತ.

ಅವಳು ಪಕ್ಕದಲ್ಲಿ ಕೂತು ಮೊಳೆ ಕೊಡುತ್ತಿದ್ದಳು. "ಗಾಜಿನವರೇ, ಗೂಡು ಕಟ್ತಿದೀರೋ ಕುಸ್ತಿ ಆಡ್ತಿದೀರೋ?"

"ನಗಬೇಡಿ. ಗಾಜು ಬಿಟ್ಟು ನಂಗೆ ಬೇರೇನೂ ಬರಲ್ಲ."

"ಅದು ಊರಿಗೇ ಕಾಣ್ತಿದೆ."

ಅವಳು ಮೊಳೆ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

"ಒಂದು ಮಾತು. ಈ ಗೂಡು ಇವತ್ತು ಮುಗಿಯುತ್ತೆ. ಬುಗುರೀನ ಕರಕೊಂಡು ಬರೋಕೆ ಅಕ್ಕನೂ ಬರಬಹುದು. ನಾನು ಬರೋಕೆ ನೆಪ ಇರಲ್ಲ." ತಲೆ ಎತ್ತದೆ ಹೇಳುತ್ತಿದ್ದ. "ನೆಪ ಇಲ್ಲದೆ ಬರಬಹುದಾ?"

"ಬಂದು ಏನ್ ಮಾಡ್ತೀರಿ?"

"ನಿಮ್ಮನ್ನ ನೋಡ್ತೀನಿ. ಇಷ್ಟು ದಿನ ಬರ್ತಿದ್ದುದೂ ಅದಕ್ಕೇ. ನಿಮ್ಮನ್ನ ಕಂಡ್ರೆ ನಂಗಿಷ್ಟ. ಮಾತು ಕೊಡೋಕೆ ಮಾತ್ರ ನಾಚಿಕೆ ಆಗುತ್ತೆ ಕಣ್ರೀ. ಒಂದ್ಸಲ ಎದೆ ತಟ್ಟಿ ಕೊಟ್ಟಿದ್ದು ಏನಾಯ್ತು ಅಂತ ನೋಡಿದೀರಲ್ಲ. ಬರ್ತಾ ಬರ್ತಾ ನೀವೇ ನೋಡ್ಕೊಳ್ಳಿ. ಅಷ್ಟೇ ಹೇಳಬಲ್ಲೆ."

ಅವಳು ಅವನ ರಕ್ತ ಮೆತ್ತಿದ ಬೆರಳುಗಳನ್ನು ನೋಡಿದಳು. ಕಣ್ಣು ಮೇಲೆ ಬಂದು, ಅವನ ಕಣ್ಣಿಗೆ ತಾಗಿ, ಒಂದು ಕ್ಷಣ ಅಲ್ಲೇ ನಿಂತು, ಜಾಲರಿಯ ಕಡೆ ಜಾರಿತು. ಕುತ್ತಿಗೆಯವರೆಗೂ ಕೆಂಪಾಗಿದ್ದಳು.

"ಬಾ," ಅಂದಳು.

ಬನ್ನಿ ಅಲ್ಲ, ಬಾ. ಅಷ್ಟು ಮೆಲ್ಲಗೆ ಅಂದದ್ದಕ್ಕೆ ಒಳಗಿಂದ ಅವಳ ಅಮ್ಮ, "ಯಾರನ್ನೇ ಬಾ ಅಂತಿರೋದು, ಗಿನಿಪಿಗ್‌ನಾ?" ಅಂತ ಕೂಗಿದರು.

"ಹೂಂ ಅಮ್ಮ!"

ಅವನಿಗೆ ನಗು ಬಂತು. ಎಷ್ಟೋ ದಿನದ ಮೇಲೆ. ಕೊನೆಯ ಮೊಳೆ ಹೊಡೆದು ಎದ್ದು ನಿಂತ. ಗೂಡು ಸೊಟ್ಟಗಿತ್ತು. ಫೋಟೋ ತೆಗೆಯುವಂಥದ್ದೇನೂ ಅಲ್ಲ. ಆದರೆ ಗಾಳಿ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಡುತ್ತಿತ್ತು.

ಬುಗುರಿ ದೊಡ್ಡ ಮಿಸ್ಸನ್ನು ಎತ್ತಿಕೊಂಡು ಬಂದಳು. ಒಳಗೆ ಬಿಡಲಿಲ್ಲ. ಒಂದು ಕೈಯಲ್ಲಿ ಅದನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯನ್ನು ಬಾಗಿಲೊಳಗೆ ಹಾಕಿ, ಜಾಲರಿಯ ಅಂಚಿನ ಮೇಲೆ ನಿಧಾನವಾಗಿ ಸವರಿದಳು. ಒಂದು ಕಡೆ ಕೈ ನಿಂತಿತು.

"ಮಾಮ."

ಮೂರು ವಾರದಲ್ಲಿ ಮೊದಲ ಸಲ. "ಏನು ಪುಟ್ಟಾ?"

"ಇಲ್ಲಿ ಚುಚ್ಚುತ್ತೆ. ಮಿಸ್ಸಿಗೆ ಗಾಯ ಆಗುತ್ತೆ."

ಚೆನ್ನಾಗಿಯೇ ಮಾಡಿದೀನಿ ಅನ್ನಲಿಲ್ಲ ಅವನು. ಮಂಡಿಯೂರಿ ಕೂತು, ತಂತಿಯ ತುದಿಯನ್ನು ಇಕ್ಕಳದಿಂದ ಒಳಕ್ಕೆ ಮಡಚಿ, ಅರದಿಂದ ಉಜ್ಜಿದ. ಆಮೇಲೆ ತನ್ನ ಗಾಯದ ಬೆರಳುಗಳನ್ನೇ ಜಾಲರಿಯ ಮೇಲಿಟ್ಟು, ಒಂದೊಂದು ತುದಿಯನ್ನೂ ಮುಟ್ಟಿ ನೋಡುತ್ತ ಹೊರಟ. ಗೂಡಿನ ಆ ಕಡೆಯಿಂದ ಪ್ರಶ್ನೆಪತ್ರಿಕೆಯೂ ಕೂತು ಕೈ ಇಟ್ಟಳು. ಎರಡು ಕೈ ಜಾಲರಿಯ ಎರಡು ಬದಿಯಲ್ಲಿ, ಎದುರುಬದುರು, ಒಂದೇ ಅಂಚು ಹಿಡಿದು ಸಾಗಿದವು. ನಡುವೆ ಒಂದು ಕಡೆ ಸೇರಿದವು. ಸೇರಿ ನಿಂತೇಬಿಟ್ಟವು.

"ಅಲ್ಲೂ ಚುಚ್ಚುತ್ತಾ?" ಬುಗುರಿ ಬಗ್ಗಿ ನೋಡಿದಳು.

"ಇಲ್ಲ," ಅಂದ ಅವನು. "ಇಲ್ಲಿ ಸರಿಯಾಗಿದೆ."

"ಹಂಗಾದ್ರೆ ಅಲ್ಲೇ ಯಾಕೆ ನಿಂತಿದೀರಾ? ಮುಂದೆ ನೋಡಿ, ಇಬ್ರೂ. ಪೂರ್ತಿ ನೋಡೋವರೆಗೂ ನಾನು ಇವರನ್ನ ಬಿಡಲ್ಲ."